ಮೇಸ್ತ್ರಿಯ ನೀರು, ಮಗನ ಗಾಳಿ

ಮೂವತ್ತಾರು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ್ದ ಮೇಸ್ತ್ರಿಗೆ ನಿವೃತ್ತಿಯಾಗಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಮನೆಯಲ್ಲಿ ಬಿಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಮಿಕ್ಸಿ ಬಿಚ್ಚಿದ್ದಾಯಿತು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದಾಯಿತು, ಗೋಡೆ ಗಡಿಯಾರದ ಹೊಟ್ಟೆ ನೋಡಿದ್ದೂ ಆಯಿತು. ಚೆನ್ನಾಗಿಯೇ ಇದ್ದ ಬಚ್ಚಲ ಬಾಗಿಲಿನ ಚಿಲಕವನ್ನು ಇನ್ನೂ ಚೆನ್ನಾಗಿ ಮಾಡಲು ಹೋಗಿ, ಒಳಗೆ ಹೋದವರು ಹೊರಗಿನವರನ್ನು ಕೂಗಿ ಕರೆಯಬೇಕಾದ ಸ್ಥಿತಿ ತಂದಿಟ್ಟ ಮೇಲೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ನಿಮಗೆ ಕೈ ಮುಗೀತೀನಿ. ಸೊಸೆ ಅಂಗಡಿಗೆ ಹೋಗಿ ಕೂತ್ಕೊಳ್ಳಿ. ಅಲ್ಲಿ ಬಿಚ್ಚೋಕೆ ಬೇಕಾದಷ್ಟು ಬಿದ್ದಿದೆ."

ಸೊಸೆಯ ಅಂಗಡಿಯೆಂದರೆ ಅದೇ ಮನೆಯ ಬೀದಿ ಕಡೆಯ ಕೋಣೆ. ಬಾಗಿಲ ಮೇಲೆ ಅವಳೇ ಬಣ್ಣ ಹಚ್ಚಿದ ಬೋರ್ಡು, ಒಳಗೆ ಉದ್ದನೆಯ ಮೇಜು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಬಗೆಬಗೆಯ ಕೇಬಲ್ಲುಗಳು. ಕೆಟ್ಟ ಕಂಪ್ಯೂಟರ್ ಹಿಡಿದು ಬಂದವರು ಅವಳನ್ನು ಕಂಡೊಡನೆ ಕತ್ತು ಚಾಚಿ ಒಳಗೆ ಇಣುಕಿ, "ರಿಪೇರಿಯವರು ಇಲ್ವಾ?" ಎಂದು ಕೇಳುವುದು ರೂಢಿಯಾಗಿಬಿಟ್ಟಿತ್ತು. "ನಾನೇ ರಿಪೇರಿಯವಳು, ಕೊಡಿ" ಎಂದು ಅವಳು ಮುಖ ಗಂಟಿಕ್ಕದೆ ಹೇಳುತ್ತಿದ್ದಳು. ಮೇಸ್ತ್ರಿ ಅಲ್ಲಿ ಕೂರಲು ಶುರುಮಾಡಿದ ಮೇಲೆ ಬಂದವರೆಲ್ಲ ಸೀದಾ ಅವನ ಮುಂದೆ ಪೆಟ್ಟಿಗೆ ಇಡತೊಡಗಿದರು. ಎರಡು ದಿನ ಇದನ್ನು ನೋಡಿದ ಮೇಸ್ತ್ರಿಗೆ ರೇಗಿಹೋಯಿತು. ಮೂರನೆಯ ದಿನ ಒಬ್ಬ ಗಿರಾಕಿಗೆ, "ನನಗೆ ಇದರ ತಲೆಬುಡ ಗೊತ್ತಿಲ್ಲ ಸ್ವಾಮಿ. ಡಾಕ್ಟರ್ ಅಲ್ಲಿದ್ದಾರೆ, ನಾನು ಬರೀ ಕಾಂಪೌಂಡರ್" ಎಂದು ಸೊಸೆಯ ಕಡೆ ಬೆರಳು ತೋರಿಸಿದ. ಸೊಸೆ ತಲೆ ಬಗ್ಗಿಸಿಕೊಂಡೇ ನಕ್ಕಳು.

ಅದೇ ವಾರ ಅವಳು ಒಂದು ಕಾಗದ ತಂದು ಅವನ ಮುಂದಿಟ್ಟಳು. ಊರಿನ ದೊಡ್ಡ ಗ್ರಂಥಾಲಯದ ಸಭಾಂಗಣದಲ್ಲಿ ಕಂಪ್ಯೂಟರುಗಳ ಓಟದ ಸ್ಪರ್ಧೆ. ಎಲ್ಲರಿಗೂ ಒಂದೇ ಜಾತಿಯ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಭಾಗ. ಅದನ್ನು ಎಷ್ಟು ವೇಗವಾಗಿ ಬೇಕಾದರೂ ಓಡಿಸಬಹುದು. ಗಾಜು, ನೆರಳು, ಬೆಳಕು ತುಂಬಿದ ಚಿತ್ರಗಳನ್ನು ಕಂಪ್ಯೂಟರ್ ಒಂದಾದ ಮೇಲೊಂದು ಬಿಡಿಸುತ್ತ ಹೋಗಬೇಕು. ಒಂದು ಗಂಟೆಯಲ್ಲಿ ಹೆಚ್ಚು ಚಿತ್ರ ಮುಗಿಸಿದ ಎರಡು ಯಂತ್ರಗಳು ಮುಂದಿನ ಸುತ್ತಿಗೆ, ಅಂದರೆ ಕೊನೆಯ ಪಂದ್ಯಕ್ಕೆ ಹೋಗುತ್ತವೆ.

"ಸೇರಬೇಕು ಅಂತಿದ್ದೀನಿ ಮಾವ. ಕಂಪನಿಯವರು ಗೊತ್ತುಮಾಡಿ ಕಳಿಸಿದ ವೇಗಕ್ಕಿಂತ ಜಾಸ್ತಿ ಓಡಿಸೋದಕ್ಕೆ ಓವರ್‌ಕ್ಲಾಕ್ ಅಂತಾರೆ."

"ಬಸ್ಸಿನ ಸ್ಪೀಡ್ ಗವರ್ನರ್ ಕಿತ್ತು ಓಡಿಸಿದ ಹಾಗೆ?"

"ಹಾಗೇ!"

"ಹಾಗಾದ್ರೆ ಕಾಯುತ್ತಲ್ಲ?"

"ಕಾಯೋದೇ ತೊಂದರೆ. ತೊಂಬತ್ತೈದು ಡಿಗ್ರಿ ಮುಟ್ಟಿದ್ರೆ ಅದೇ ಹೆದರ್ಕೊಂಡು ನಿಧಾನ ಮಾಡ್ಕೊಳ್ಳುತ್ತೆ. ಅಲ್ಲಿಗೆ ಓಟ ಸೋತ ಹಾಗೆ."

ಮೇಸ್ತ್ರಿ ಕುರ್ಚಿಯಿಂದ ಎದ್ದೇಬಿಟ್ಟ. ನಾಲ್ಕು ತಿಂಗಳಿನಿಂದ ಮಂಡಿನೋವು ಮಂಡಿನೋವು ಎನ್ನುತ್ತಿದ್ದವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಬಿಸಿಯಾಗುವ ಯಂತ್ರವನ್ನು ತಣ್ಣಗಿಡುವುದು! ಇಡೀ ಜನ್ಮ ಅವನು ಮಾಡಿದ್ದೇ ಅದು. "ನೀರು ಕಣಮ್ಮ, ನೀರು! ಬಿಸಿ ಎಳೆಯೋದಕ್ಕೆ ನೀರನ್ನ ಮೀರಿಸಿದ್ದು ಇಲ್ಲ. ರೇಡಿಯೇಟರ್ ಕೂರಿಸೋಣ!"

ಸಂಜೆ ಮಗ ಕೆಲಸದಿಂದ ಬಂದ. ಕಾರ್ಖಾನೆಗಳಿಗೆ ಗಾಳಿಯ ಕೊಳವೆ, ದೊಡ್ಡ ದೊಡ್ಡ ಫ್ಯಾನು ಅಳವಡಿಸುವುದು ಅವನ ಕಸುಬು. ಅಪ್ಪನ ಮಾತು ಕೇಳಿ ಅವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ಕರೆಂಟಿನ ಮೇಲೆ ನೀರು ಹರಿಸ್ತೀಯಾ? ತಲೆ ನೆಟ್ಟಗಿದೆಯಾ ಅಪ್ಪ? ಒಂದು ಹನಿ ಸೋರಿದ್ರೆ ಒಳಗಿನ ಬೋರ್ಡು ಹೊಗೆ. ನೆಟ್ಟಗೆ ಗಾಳಿ ಹೊಡಿ. ಫ್ಯಾನ್ ಕೆಟ್ರೆ ಇನ್ನೊಂದು ಫ್ಯಾನ್ ಹಾಕಿದ್ರಾಯ್ತು. ನೀರು ಕೆಟ್ರೆ ಏನ್ ಮಾಡ್ತೀಯ?"

"ಮೂವತ್ತಾರು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಹೋಸ್ ಸೋರಿಲ್ಲ!"

"ಬಸ್ಸಿನ ಹೋಸ್ ಸೋರಿದ್ರೆ ರಸ್ತೆ ಒದ್ದೆ ಆಗುತ್ತೆ. ಇಲ್ಲಿ ಇವಳ ದುಡಿಮೆ ಒದ್ದೆ ಆಗುತ್ತೆ."

ಅಪ್ಪ ಮಗ ಊಟದ ತಟ್ಟೆ ಮುಂದೆ ಕೂತರೂ ಮಾತು ನಿಲ್ಲಲಿಲ್ಲ. ಒಬ್ಬ ನೀರೆಂದರೆ ಇನ್ನೊಬ್ಬ ಗಾಳಿಯೆಂದ. ಮೇಸ್ತ್ರಿಯ ಹೆಂಡತಿ ಇಬ್ಬರ ತಟ್ಟೆಗೂ ಬಡಿಸಿ, "ಇಬ್ರೂ ಬಾಯಿ ಮುಚ್ಚಿದ್ರೆ ಈ ಮನೆ ತಾನಾಗೇ ತಣ್ಣಗಾಗುತ್ತೆ" ಎಂದಳು. ಸೊಸೆ ಊಟ ಮುಗಿಸಿ, ಕೈ ತೊಳೆದು ಬಂದು ತನ್ನ ತೀರ್ಪು ಕೊಟ್ಟಳು.

"ಯಾರ ಮಾತೂ ಬೇಡ. ಎರಡನ್ನೂ ಹಾಕಿ ಅಳೆಯೋಣ. ಥರ್ಮಾಮೀಟರ್ ಹೇಳಿದ್ದೇ ಕೊನೆ."

ಮೊದಲ ಸರದಿ ಗಾಳಿಯದು. ಮಗ ರಜೆಯ ದಿನ ಬೆಳಿಗ್ಗೆಯೇ ಎದ್ದು ಸಿದ್ಧನಾದ. ಸೊಸೆ ತಂದಿಟ್ಟಿದ್ದ ಗಾಳಿ ಕೂಲರ್ ಎರಡು ಇಟ್ಟಿಗೆ ಒಂದರ ಮೇಲೊಂದು ನಿಲ್ಲಿಸಿದಷ್ಟು ದೊಡ್ಡದಿತ್ತು. ತೆಳ್ಳಗಿನ ಲೋಹದ ಹಾಳೆಗಳು ಒತ್ತೊತ್ತಾಗಿ, ಅವುಗಳ ನಡುವೆ ತಾಮ್ರದ ಕೊಳವೆಗಳು, ಎರಡು ಪಕ್ಕಕ್ಕೂ ಫ್ಯಾನು. ಸೊಸೆ ಪ್ರೊಸೆಸರಿನ ಮೇಲೆ ಬಟಾಣಿ ಗಾತ್ರದ ಬೂದು ಪೇಸ್ಟ್ ಹಾಕಿ, ಕೂಲರನ್ನು ಕೂರಿಸಿ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದಳು. ಮೇಸ್ತ್ರಿ ಅದನ್ನು ನೋಡಿ ಒಳಗೊಳಗೇ ಹಿಗ್ಗಿದ. ಎಂಜಿನ್ನಿನ ಹೆಡ್ ಬಿಗಿಯುವುದೂ ಹೀಗೆಯೇ. ಯಾರೂ ಹೇಳಿಕೊಡದೆ ಇವಳಿಗೆ ಇದು ಗೊತ್ತಿದೆ!

ಪರೀಕ್ಷೆ ಶುರುವಾಯಿತು. ವೇಗ ಐದು ಪಾಯಿಂಟ್ ಎರಡು ಗಿಗಾಹರ್ಟ್ಸ್. ಎರಡೇ ನಿಮಿಷದಲ್ಲಿ ಕಾವು ಎಂಬತ್ತು ದಾಟಿತು. ಐದನೆಯ ನಿಮಿಷಕ್ಕೆ ತೊಂಬತ್ತೊಂದು. ಅಲ್ಲೇ ನಿಂತಿತು. ಗಂಟೆ ಮುಗಿಯುವ ತನಕ ಒಂದು ಡಿಗ್ರಿ ಆಚೀಚೆ ಆಗಲಿಲ್ಲ.

"ನೋಡ್ದಾ ಅಪ್ಪ? ಬಂಡೆ ಹಾಗೆ ನಿಂತಿದೆ" ಎಂದ ಮಗ.

"ಕೋಣೆ ಎಷ್ಟಿದೆ?" ಎಂದು ಮೇಸ್ತ್ರಿ ಕೇಳಿದ.

ಸೊಸೆ ನೋಡಿದಳು. "ಇಪ್ಪತ್ತಾರು."

"ಸ್ಪರ್ಧೆ ಮಧ್ಯಾಹ್ನ. ಆ ಸಭಾಂಗಣಕ್ಕೆ ತಗಡಿನ ಮಾಡು. ಕಮ್ಮಿ ಅಂದ್ರೂ ಮೂವತ್ತೆರಡು ಇರುತ್ತೆ. ಆರು ಸೇರಿಸು."

ತೊಂಬತ್ತೊಂದಕ್ಕೆ ಆರು ಸೇರಿದರೆ ತೊಂಬತ್ತೇಳು. ಮಗ ತಲೆ ಕೆರೆದುಕೊಂಡ. ಮೇಸ್ತ್ರಿ ಆಗಲೇ ನೀರಿನ ಡಬ್ಬಿ ಬಿಚ್ಚುತ್ತಿದ್ದ.

ನೀರಿನ ಸೆಟ್ಟನ್ನು ಸೊಸೆ ಹಳೆಯ ಸಾಮಾನಿನ ವ್ಯಾಪಾರಿಯ ಹತ್ತಿರ ತಂದಿದ್ದಳು. ತಾಮ್ರದ ಅಡಿಯಿದ್ದ ಒಂದು ಪುಟ್ಟ ಬಿಲ್ಲೆ, ಅದು ಪ್ರೊಸೆಸರಿನ ಮೇಲೆ ಕೂರುವಂಥದ್ದು. ಎರಡು ಫ್ಯಾನಿನ ಒಂದು ರೇಡಿಯೇಟರ್. ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕಿನ ಉದ್ದ ಟ್ಯಾಂಕು, ಅದರ ಬುಡದಲ್ಲಿ ಅಂಗೈಯಷ್ಟು ಪಂಪು. ಮೇಸ್ತ್ರಿ ರೇಡಿಯೇಟರನ್ನು ಎರಡು ಕೈಯಲ್ಲೂ ಹಿಡಿದು ಬೆಳಕಿಗೆ ಒಡ್ಡಿ ನೋಡಿದ. ಡಿಪೋದಲ್ಲಿ ಇಬ್ಬರು ಹೊರಬೇಕಾಗಿದ್ದ ವಸ್ತು ಇಲ್ಲಿ ಪುಸ್ತಕದಷ್ಟಿತ್ತು! ಆದರೆ ಅದೇ ಕೊಳವೆ, ಅದೇ ತಗಡಿನ ಹಲ್ಲು, ಅದೇ ಲೆಕ್ಕಾಚಾರ. ಅವನ ಬೆರಳುಗಳು ತಾವಾಗಿಯೇ ಬಾಗಿದ ಹಲ್ಲೊಂದನ್ನು ಹುಡುಕಿ ನೆಟ್ಟಗೆ ಮಾಡಿದವು.

ಪೈಪು ಕತ್ತರಿಸುವುದು, ಕ್ಲಿಪ್ಪು ಬಿಗಿಯುವುದು ಎಲ್ಲ ಅವನೇ. ಟ್ಯಾಂಕಿಗೆ ನೀರು ತುಂಬುವಾಗ ಮಾತ್ರ ಸಣ್ಣ ಚರ್ಚೆಯಾಯಿತು. "ಟ್ಯಾಂಕಿನ ಮೇಲೆ ಗುರುತು ಮಾಡಿರೋ ಗೆರೆ ತನಕ ತುಂಬಿ ಮಾವ" ಎಂದಳು ಸೊಸೆ.

"ಬೇಡ. ನೀರು ಕಾದ್ರೆ ಹಿಗ್ಗುತ್ತೆ. ಕತ್ತಿನ ಮಟ್ಟ ತುಂಬಿದ ರೇಡಿಯೇಟರ್ ಮುಚ್ಚಳ ಹಾರಿಸಿದ್ದು ನನ್ನ ಕಣ್ಣಾರೆ ನೋಡಿದ್ದೀನಿ. ಅರ್ಧಕ್ಕಿಂತ ಒಂಚೂರು ಮೇಲೆ ಸಾಕು."

ಅಷ್ಟು ವರ್ಷದ ಅನುಭವದ ಮುಂದೆ ಅವಳು ಪಟ್ಟು ಹಿಡಿಯಲಿಲ್ಲ.

ಬೋರ್ಡಿಗೆ ಕರೆಂಟು ಕೊಡದೆ, ಬರೀ ಪಂಪನ್ನು ಓಡಿಸಿ, ಒಂದೊಂದು ಸೇರುವೆಯ ಕೆಳಗೂ ಟಿಶ್ಯೂ ಕಾಗದ ಹಾಸಿ ಇಡೀ ದಿನ ಕಾಯಬೇಕೆಂದು ಸೊಸೆ ಹೇಳಿದಳು. ಮೇಸ್ತ್ರಿ ಟಾರ್ಚು ಹಿಡಿದು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತ. ಹತ್ತು ನಿಮಿಷಕ್ಕೊಮ್ಮೆ ಬಗ್ಗಿ ಕಾಗದ ಮುಟ್ಟಿ ನೋಡುತ್ತಿದ್ದ. ಹೆಂಡತಿ ಚಹಾ ತಂದುಕೊಟ್ಟು ಹೇಳಿದಳು. "ಮಗ ಹುಟ್ಟಿದಾಗ ತೊಟ್ಟಿಲ ಪಕ್ಕ ಹೀಗೆ ಅರ್ಧ ಗಂಟೆ ಕೂತಿದ್ರೆ ನಾನು ಒಂದು ಕೋಳಿನಿದ್ದೆ ಮಾಡ್ತಿದ್ದೆ."

ಒಂದು ಹನಿಯೂ ಸೋರಲಿಲ್ಲ. ಮರುದಿನ ಪರೀಕ್ಷೆ. ಐದನೆಯ ನಿಮಿಷಕ್ಕೆ ಎಪ್ಪತ್ತೆರಡು! ಮೇಸ್ತ್ರಿ ಚಪ್ಪಾಳೆ ತಟ್ಟಿದ. ಹತ್ತಕ್ಕೆ ಎಪ್ಪತ್ತಾರು. ಇಪ್ಪತ್ತಕ್ಕೆ ಎಂಬತ್ತು. ಅವನ ನಗು ಸ್ವಲ್ಪ ಸ್ವಲ್ಪವೇ ಕುಗ್ಗಿತು.

"ನೀರೂ ಕಾಯ್ತಾ ಇದೆ ಅಪ್ಪ" ಎಂದು ಮಗ ಸಣ್ಣಗೆ ಹೇಳಿದ.

"ಕಾಯದೆ ಇರುತ್ತಾ? ರೇಡಿಯೇಟರ್ ಬಿಸಿಯಾದ ಮೇಲೇ ಬಿಸಿ ಹೊರಗೆ ಹಾಕೋದು. ತಾಳು."

ಅರ್ಧ ಗಂಟೆಗೆ ಎಂಬತ್ಮೂರು. ಅಲ್ಲಿಗೆ ನಿಂತಿತು. ಗಾಳಿಗಿಂತ ಎಂಟು ಡಿಗ್ರಿ ಕಡಿಮೆ. ಸಭಾಂಗಣದ ಆರು ಸೇರಿಸಿದರೂ ಎಂಬತ್ತೊಂಬತ್ತು. ಆದರೆ ಸೊಸೆಯ ಹುಬ್ಬು ಗಂಟಿಕ್ಕಿತ್ತು. ಕಾವು ಕಡಿಮೆಯಿದ್ದರೂ ವೇಗ ಆಗಾಗ ಕುಸಿದು ಮತ್ತೆ ಏರುತ್ತಿತ್ತು. ಐದು ಪಾಯಿಂಟ್ ಎರಡು, ನಾಲ್ಕು ಪಾಯಿಂಟ್ ಎಂಟು, ಮತ್ತೆ ಐದು ಪಾಯಿಂಟ್ ಎರಡು. ಪ್ರೊಸೆಸರ್ ತಣ್ಣಗಿರುವಾಗ ಹೀಗೇಕೆ? ಅವಳು ಪರದೆ ನೋಡುತ್ತ ಕೂತಳು. ಮೇಸ್ತ್ರಿಗೆ ಪರದೆಯ ಭಾಷೆ ಬರುತ್ತಿರಲಿಲ್ಲ. ಅವನು ತನಗೆ ಗೊತ್ತಿದ್ದ ರೀತಿಯಲ್ಲಿ ಹುಡುಕಿದ. ಅಂಗೈಯನ್ನು ನಿಂತಿದ್ದ ಬೋರ್ಡಿನ ಮುಂದೆ ಎರಡು ಬೆರಳು ದೂರದಲ್ಲಿ ಹಿಡಿದು ಮೆಲ್ಲಗೆ ಸರಿಸುತ್ತ ಹೋದ. ಪ್ರೊಸೆಸರಿನ ಎಡಗಡೆ, ಕಪ್ಪು ಲೋಹದ ಉದ್ದನೆಯ ತುಂಡಿನ ಮುಂದೆ ಕೈ ಬಂದಾಗ ಚಟ್ಟನೆ ಹಿಂದೆಗೆದ.

"ಅಯ್ಯಪ್ಪಾ! ಇದೇನಮ್ಮ ಇದು? ಕಾದ ಕಾವಲಿ ಆಗಿದೆ!"

ಸೊಸೆ ಹಣೆ ಚಚ್ಚಿಕೊಂಡಳು. "ಪ್ರೊಸೆಸರಿಗೆ ಕರೆಂಟು ಹದ ಮಾಡಿ ಕೊಡೋ ಭಾಗ ಮಾವ. ಗಾಳಿ ಕೂಲರ್ ಇದ್ದಾಗ ಅದರ ಫ್ಯಾನಿನ ಗಾಳಿ ಇದಕ್ಕೂ ಬೀಳ್ತಿತ್ತು. ಈಗ ಬಿಲ್ಲೆ ಮಾತ್ರ ಇರೋದು, ಗಾಳಿಯೇ ಇಲ್ಲ. ಇದು ಕಾದಾಗ ವೇಗ ಕಮ್ಮಿ ಮಾಡಿಸ್ತಿದೆ."

ಮಗನ ಮುಖದಲ್ಲಿ ಸೂರ್ಯ ಹುಟ್ಟಿದ. "ಅಂದ್ರೆ ಗಾಳಿ ಬೇಕು ಅಂತಾಯ್ತಲ್ಲ!" ಎನ್ನುತ್ತ ಒಳಗೋಡಿದವನು ತನ್ನ ಕೆಲಸದ ಚೀಲದಿಂದ ಅಂಗೈ ಅಗಲದ ಫ್ಯಾನು ತಂದ. ರಟ್ಟು ಕತ್ತರಿಸಿ, ಮಡಚಿ, ಗಾಳಿ ಆ ಕಪ್ಪು ತುಂಡಿನ ಮೇಲೇ ಬೀಳುವಂತೆ ಒಂದು ಪುಟ್ಟ ದಾರಿ ಮಾಡಿದ. ಕಾರ್ಖಾನೆಯಲ್ಲಿ ಆನೆ ಗಾತ್ರದ ಕೊಳವೆ ಜೋಡಿಸುವವನು ಬೆರಳುದ್ದದ ಕೊಳವೆಯನ್ನು ಉಸಿರು ಬಿಗಿಹಿಡಿದು ಅಂಟಿಸುತ್ತಿದ್ದ. ಮತ್ತೆ ಓಡಿಸಿದರು. ವೇಗ ಐದು ಪಾಯಿಂಟ್ ಎರಡರಲ್ಲಿ ಗೆರೆ ಎಳೆದಂತೆ ನಿಂತಿತು.

"ನೀರೇ ಸರಿ" ಎಂದಳು ಸೊಸೆ. "ಜೊತೆಗೆ ಈ ಫ್ಯಾನು. ಆಯ್ತಾ? ಇನ್ನು ಯಾರೂ ಜಗಳ ಆಡಬಾರದು."

ಸ್ಪರ್ಧೆಯ ದಿನ ಸಭಾಂಗಣ ಕಾದ ಬಾಣಲೆಯಂತಿತ್ತು. ಗೋಡೆಯ ಉದ್ದಕ್ಕೂ ಪುಸ್ತಕದ ಕಪಾಟು, ಮೂಲೆಯಲ್ಲಿ ದಾರ ಕಟ್ಟಿಟ್ಟ ಹಳೆಯ ಪತ್ರಿಕೆಗಳ ರಾಶಿ, ನಡುವೆ ಹನ್ನೆರಡು ಮೇಜುಗಳು. ಎದುರಿನ ಗೋಡೆಯ ದೊಡ್ಡ ಪರದೆಯ ಮೇಲೆ ಹನ್ನೆರಡು ಸಾಲು: ಯಾರು ಎಷ್ಟು ಚಿತ್ರ ಮುಗಿಸಿದರು, ಯಾರ ಕಾವು ಎಷ್ಟು. ತೀರ್ಪುಗಾರ್ತಿ ಕಾಲೇಜೊಂದರ ಪ್ರಯೋಗಾಲಯ ನೋಡಿಕೊಳ್ಳುವವಳು. ಕನ್ನಡಕ ಮೂಗಿನ ತುದಿಗಿತ್ತು, ಕೈಯಲ್ಲಿ ನಿಯಮದ ಹಾಳೆಗಳಿದ್ದವು.

ಬಲಗಡೆಯ ಮೇಜಿನವನು ಕಳೆದ ಬಾರಿ ಗೆದ್ದವನು. ತಲೆಯ ಮೇಲಿನ ಕೆಂಪು ಟೋಪಿಯನ್ನು ಯಾವತ್ತೂ ತೆಗೆಯದ್ದಕ್ಕೆ ಎಲ್ಲರೂ ಅವನನ್ನು ಟೋಪಿ ಎಂದೇ ಕರೆಯುತ್ತಿದ್ದರು. ಅವನ ಯಂತ್ರದಲ್ಲಿ ನೀಲಿ ನೀರು, ಬಣ್ಣದ ದೀಪ, ಕನ್ನಡಿಯಂತೆ ಹೊಳೆಯುವ ಪೈಪು. ಎಡಗಡೆ ಅಂಚೆ ಹಂಚುವ ಹೆಂಗಸೊಬ್ಬಳು ಖಾಕಿ ಅಂಗಿಯಲ್ಲೇ ಬಂದಿದ್ದಳು. ಅವಳದು ಗಾಳಿ ಕೂಲರ್. ಒಂದು ದೀಪವೂ ಇಲ್ಲ.

"ಎಲ್ಲರೂ ಯಂತ್ರಗಳನ್ನ ಪಕ್ಕಕ್ಕೆ ಮಲಗಿಸಿ, ಮೇಲಿನ ಮುಚ್ಚಳ ತೆಗೀರಿ" ಎಂದಳು ತೀರ್ಪುಗಾರ್ತಿ. "ಒಳಗೆ ಯಾರೂ ಐಸ್ ಇಟ್ಟಿಲ್ಲ ಅಂತ ಕಾಣಬೇಕು. ಗಂಟೆ ಬಾರಿಸಿದ ಮೇಲೆ ಯಂತ್ರಕ್ಕೆ ಕೈ ಸೋಕಿಸಿದ್ರೆ ಆಟದಿಂದ ಹೊರಗೆ."

ಸೊಸೆ ರಬ್ಬರ್ ಚಾಪೆ ಹಾಸಿ ಯಂತ್ರವನ್ನು ಮಲಗಿಸಿದಳು. ಯಾರಿಗೂ ಏನೂ ಹೊಳೆಯಲಿಲ್ಲ. ಗಂಟೆ ಬಾರಿಸಿತು.

ಹನ್ನೆರಡು ಯಂತ್ರಗಳ ಫ್ಯಾನುಗಳು ಒಟ್ಟಿಗೆ ಕೂಗಿದಾಗ ಮೇಸ್ತ್ರಿಗೆ ಬೆಳಗಿನ ಜಾವ ಡಿಪೋದಿಂದ ಬಸ್ಸುಗಳು ಹೊರಡುವ ಸದ್ದು ಕೇಳಿದಂತಾಗಿ ಮೈ ಜುಮ್ಮೆಂದಿತು. ಸಾಲುಗಳು ಏರತೊಡಗಿದವು. ಟೋಪಿ ಎಲ್ಲರಿಗಿಂತ ಮುಂದೆ. ಅವನದು ಐದು ಪಾಯಿಂಟ್ ಮೂರು. ಅವನ ಬೆನ್ನಿಗೇ ಸೊಸೆ. ಇಪ್ಪತ್ತನಾಲ್ಕನೆಯ ನಿಮಿಷದಲ್ಲಿ ಟೋಪಿ ನೂರ ಎಪ್ಪತ್ತೊಂದು, ಸೊಸೆ ನೂರ ಅರವತ್ತೆಂಟು, ಅಂಚೆಯವಳು ನೂರ ಅರವತ್ತೈದು. ಕಾವು ಎಂಬತ್ತೊಂಬತ್ತು. ಎಲ್ಲ ಲೆಕ್ಕ ಹಾಕಿದಂತೆಯೇ! ಮಗ ಅಪ್ಪನ ಭುಜ ಹಿಡಿದು ಅಲುಗಾಡಿಸಿದ.

ಆಗಲೇ ಮೇಸ್ತ್ರಿಯ ಕಿವಿ ನಿಮಿರಿತು. ಅಷ್ಟು ಫ್ಯಾನುಗಳ ಗದ್ದಲದ ನಡುವೆ ಗುಳ್ ಗುಳ್ ಎಂಬ ಸಣ್ಣ ಸದ್ದು. ಆಮೇಲೆ ಗರ್ ಎಂದು ಒಣ ಸದ್ದು. ಅವನಿಗೆ ಆ ಸದ್ದು ಹೆಂಡತಿಯ ಕೆಮ್ಮಿನಷ್ಟೇ ಗುರುತು. ಪಂಪು ಗಾಳಿ ಕುಡಿಯುತ್ತಿದೆ!

ಕಾವು ತೊಂಬತ್ತೆರಡು. ತೊಂಬತ್ತನಾಲ್ಕು. ತೊಂಬತ್ತೈದು. ವೇಗ ಬಿತ್ತು.

ಮೇಸ್ತ್ರಿ ಟ್ಯಾಂಕನ್ನು ನೋಡಿದ. ನಿಂತಿದ್ದಾಗ ನೀರೆಲ್ಲ ಬುಡದಲ್ಲಿ, ಪಂಪಿನ ಬಾಯಿ ತುಂಬ ಇರುತ್ತಿತ್ತು. ಈಗ ಟ್ಯಾಂಕು ಮಲಗಿದೆ. ಅರ್ಧ ತುಂಬಿದ ಬಾಟಲಿಯನ್ನು ಮಲಗಿಸಿದರೆ ನೀರು ಉದ್ದಕ್ಕೂ ಹರಡುವುದಿಲ್ಲವೇ? ಹಾಗೆಯೇ. ಪಂಪಿನ ಬಾಯಿಗೆ ಅರ್ಧ ನೀರು, ಅರ್ಧ ಗಾಳಿ. ಇಷ್ಟು ಹೊತ್ತು ಗುಳ್ಳೆ ಗುಳ್ಳೆಯಾಗಿ ಒಳಸೇರಿದ ಗಾಳಿ ಈಗ ಪಂಪಿನ ಹೊಟ್ಟೆ ತುಂಬಿದೆ. ಗೆರೆಯ ತನಕ ತುಂಬಿದ್ದರೆ ಇದು ಆಗುತ್ತಲೇ ಇರಲಿಲ್ಲ. ಬೇಡವೆಂದವನು ಅವನೇ.

"ನನ್ನ ತಪ್ಪು ಕಣಮ್ಮ. ನಾನೇ ನೀರು ಕಮ್ಮಿ ಹಾಕಿಸಿದ್ದು" ಎಂದ.

"ಅದು ಆಮೇಲೆ ಮಾವ. ಈಗ ಏನು ಮಾಡೋದು ಹೇಳಿ!"

"ಪಂಪಿನ ಕಡೆ ತಗ್ಗಾಗಬೇಕು. ಎದುರು ಕಡೆ ಒಂದು ಗೇಣು ಎತ್ತಿದ್ರೆ ನೀರೆಲ್ಲ ಪಂಪಿನ ಬಾಯಿಗೆ ಬರುತ್ತೆ. ಆದ್ರೆ ಮುಟ್ಟೋ ಹಾಗಿಲ್ವಲ್ಲ..."

ಪರದೆಯ ಮೇಲೆ ಅವರ ಸಾಲು ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಇಳಿಯಿತು. ಮೇಸ್ತ್ರಿ ಯಂತ್ರವನ್ನು ನೋಡಿದ. ಯಂತ್ರದ ಕೆಳಗಿನ ಚಾಪೆಯನ್ನು ನೋಡಿದ. ಚಾಪೆಯ ಕೆಳಗಿನ ಮೇಜನ್ನು ನೋಡಿದ. ಶಾಲೆಯ ಮಗುವಿನಂತೆ ತಟ್ಟನೆ ಕೈ ಎತ್ತಿದ.

"ಅಮ್ಮಾ! ಮೇಡಂ! ಯಂತ್ರ ಮುಟ್ಟಬಾರದು, ಸರಿ. ಮೇಜು ಮುಟ್ಟಬಹುದಾ?"

ಸಭಾಂಗಣದಲ್ಲಿ ನಗು ಹರಡಿತು. ತೀರ್ಪುಗಾರ್ತಿ ಕನ್ನಡಕ ಮೇಲೇರಿಸಿ ಹಾಳೆ ತಿರುವಿದಳು. ಒಂದು ಹಾಳೆ. ಎರಡನೆಯ ಹಾಳೆ. ಮೇಸ್ತ್ರಿಗೆ ಒಂದೊಂದು ಸೆಕೆಂಡೂ ಒಂದು ಯುಗವಾಯಿತು. ಅವಳು ಹಾಳೆಯ ಹಿಂಬದಿಯನ್ನೂ ನೋಡಿದಳು.

"ಮೇಜಿನ ಬಗ್ಗೆ ಏನೂ ಬರೆದಿಲ್ಲ" ಎಂದಳು ಕೊನೆಗೆ. "ಎತ್ತಿ ಬೇಕಾದ್ರೆ. ಯಂತ್ರ ಜಾರಿ ಬಿದ್ರೆ ಮಾತ್ರ ನನ್ನನ್ನ ಕೇಳಬೇಡಿ."

"ಏಯ್, ಇದು ಅನ್ಯಾಯ!" ಎಂದು ಟೋಪಿ ಎದ್ದ.

"ನೀವೂ ಎತ್ತಿ, ಯಾರು ಬೇಡ ಅಂದ್ರು?" ಎಂದಳು ಅವಳು.

"ಮಗಾ, ಆ ಕಡೆ ಕಾಲು ಹಿಡಿ!" ಎಂದು ಮೇಸ್ತ್ರಿ ಕೂಗುವ ಮೊದಲೇ ಮಗ ಮೇಜಿನ ಮೂಲೆ ಹಿಡಿದಾಗಿತ್ತು. ಇನ್ನೊಂದು ಮೂಲೆಗೆ ಮೇಸ್ತ್ರಿ. "ಮೆಲ್ಲಗೆ... ಒಟ್ಟಿಗೆ... ಏಳಲಿ!" ಮೇಜಿನ ಒಂದು ಬದಿ ಮೇಲೆದ್ದಿತು. ಒಂದು ಮುಷ್ಟಿ. ಎರಡು ಮುಷ್ಟಿ. ಯಂತ್ರ ರಬ್ಬರ್ ಚಾಪೆಯನ್ನು ಕಚ್ಚಿಕೊಂಡು ನಿಂತಿತು. ಸೊಸೆ ಬಗ್ಗಿ ಟ್ಯಾಂಕಿನ ಮೇಲೆಯೇ ಕಣ್ಣಿಟ್ಟು, "ಬರ್ತಿದೆ, ನೀರು ಬರ್ತಿದೆ, ಇನ್ನೂ ಸ್ವಲ್ಪ, ಇನ್ನೂ... ಸಾಕು! ಅಲ್ಲೇ!" ಎಂದು ಚೀರಿದಳು.

ಗರ್ ಎನ್ನುತ್ತಿದ್ದ ಪಂಪು ಒಂದು ಸಲ ತೇಗಿದಂತೆ ಸದ್ದು ಮಾಡಿ ಸುಮ್ಮನಾಯಿತು. ತೊಂಬತ್ತೈದು. ತೊಂಬತ್ಮೂರು. ತೊಂಬತ್ತು. ವೇಗ ಮತ್ತೆ ಐದು ಪಾಯಿಂಟ್ ಎರಡು! ಹಿಂದೆ ಕೂತಿದ್ದ ಜನ ಎದ್ದು ನಿಂತು ಶಿಳ್ಳೆ ಹೊಡೆದರು.

ಆದರೆ ಇನ್ನೂ ಅರ್ಧ ಗಂಟೆಗಿಂತ ಹೆಚ್ಚು ಉಳಿದಿತ್ತು. ಸಾಗುವಾನಿ ಮರದ ಹಳೆಯ ಮೇಜು ಕಲ್ಲಿನಂತೆ ಭಾರ. ಐದು ನಿಮಿಷಕ್ಕೇ ಮೇಸ್ತ್ರಿಯ ತೋಳು ನಡುಗತೊಡಗಿತು. ಬಿಟ್ಟರೆ ಎಲ್ಲ ಮುಗಿಯಿತು. ಹಲ್ಲು ಕಚ್ಚಿ ನಿಂತಿದ್ದಾಗ ಕಾಲ ಬಳಿ ಏನೋ ಧೊಪ್ಪನೆ ಬಿತ್ತು. ನೋಡಿದರೆ ಹೆಂಡತಿ! ನೋಡುವವರ ಸಾಲಿನಲ್ಲಿ ಕೂತಿದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗ್ರಂಥಾಲಯದವನನ್ನು ಜೊತೆಗೆ ಕರೆದುಕೊಂಡು ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಹೊತ್ತು ತಂದಿದ್ದಳು.

"ಕಾಲು ಸರಿಸ್ರೀ! ಮೇಜಿನ ಕಾಲಲ್ಲ, ನಿಮ್ಮ ಕಾಲು!"

ಎರಡು ಕಾಲಿಗೂ ಒಂದೊಂದು ಕಟ್ಟು ಇಟ್ಟು, ಅದರ ಮೇಲೆ ಇನ್ನೊಂದನ್ನು ತುರುಕಿದಳು. ಅಪ್ಪ ಮಗ ಮೇಜನ್ನು ಕೂದಲೆಳೆಯಷ್ಟೂ ಅಲುಗದಂತೆ ಇಳಿಸಿದರು. ಪಂಪು ಗುಳ್ ಎನ್ನಲಿಲ್ಲ. ಮೇಸ್ತ್ರಿ ಅಲ್ಲೇ ನೆಲದ ಮೇಲೆ ಕೂತು ಏದುಸಿರು ಬಿಟ್ಟ.

ನಲವತ್ತನೆಯ ನಿಮಿಷ. ಟೋಪಿ ಇನ್ನೂರ ಎಂಬತ್ತಾರು, ಸೊಸೆ ಇನ್ನೂರ ಅರವತ್ತೊಂಬತ್ತು. ಹದಿನೇಳು ಚಿತ್ರಗಳ ಅಂತರ. ಮಗ ತಲೆಯಾಡಿಸಿದ. "ಮುಟ್ಟೋಕಾಗಲ್ಲ ಬಿಡು."

"ಅವನ ಕಾವು ನೋಡ್ರೀ" ಎಂದಳು ಸೊಸೆ, ತುಟಿ ಮಾತ್ರ ಅಲುಗಿಸಿ.

ಟೋಪಿಯ ಸಾಲಿನಲ್ಲಿ ತೊಂಬತ್ತೈದು ಎಂದಿತ್ತು. ಮಾಡಿನ ತಗಡು ಕಾದು ಸಭಾಂಗಣ ಇನ್ನೂ ಎರಡು ಡಿಗ್ರಿ ಏರಿತ್ತು. ಅವನ ನೀಲಿ ನೀರು ಕಾಯುವಷ್ಟು ಕಾದಾಗಿತ್ತು. ಐದು ಪಾಯಿಂಟ್ ಮೂರರ ದುರಾಸೆಗೆ ಅವನ ಯಂತ್ರ ಈಗ ತಾನಾಗಿಯೇ ಬ್ರೇಕು ಹಾಕಿಕೊಂಡು ಕುಂಟುತ್ತಿತ್ತು. ನಲವತ್ತೈದಕ್ಕೆ ಅಂತರ ಹನ್ನೆರಡು. ಐವತ್ತಕ್ಕೆ ಏಳು. ಐವತ್ನಾಲ್ಕಕ್ಕೆ ಅಂಚೆಯವಳ ಸಾಲು ಸದ್ದಿಲ್ಲದೆ ಟೋಪಿಯನ್ನು ದಾಟಿ ಮೊದಲಾಯಿತು. ಸಭಾಂಗಣದಲ್ಲಿ ಯಾರೂ ಕೂತಿರಲಿಲ್ಲ. ಮೇಸ್ತ್ರಿಯ ಹೆಂಡತಿ ಗ್ರಂಥಾಲಯದವನ ಮೊಣಕೈ ಹಿಡಿದು ಹಿಂಡುತ್ತಿದ್ದಳು, ಅವನಿಗೂ ಅದರ ಅರಿವಿರಲಿಲ್ಲ.

ಐವತ್ತೆಂಟು. ಸೊಸೆ, ಟೋಪಿ ಇಬ್ಬರದೂ ಮುನ್ನೂರ ತೊಂಬತ್ತೈದು!

"ಎಳಿ ಎಳಿ ಎಳಿ!" ಎಂದು ಮೇಸ್ತ್ರಿ ಗಂಟಲು ಹರಿಯುವಂತೆ ಕೂಗಿದ, ಏರು ರಸ್ತೆಯಲ್ಲಿ ಬಸ್ಸಿಗೆ ಹೇಳುವಂತೆ.

ಗಂಟೆ ಬಾರಿಸಿತು. ಪರದೆ ನಿಂತಿತು. ಅಂಚೆಯವಳು ನಾನೂರ ಹನ್ನೆರಡು. ಸೊಸೆ ನಾನೂರ ಒಂಬತ್ತು. ಟೋಪಿ ನಾನೂರ ಏಳು. ಎರಡನೆಯ ಸ್ಥಾನದಲ್ಲಿ ಸೊಸೆ ಕೊನೆಯ ಪಂದ್ಯಕ್ಕೆ!

ಸೊಸೆ ಮಾವನೆಂಬುದನ್ನೂ ಮರೆತು ಮೇಸ್ತ್ರಿಯ ಎರಡೂ ಕೈ ಹಿಡಿದು ಕುಣಿದಳು. ಮಗ ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. "ಇಳಿಸೋ ಕತ್ತೆ!" ಎಂದು ಅವಳು ಬೈಯುತ್ತ ನಗುತ್ತಿದ್ದಳು. ಟೋಪಿ ಸ್ವಲ್ಪ ಹೊತ್ತು ಮುಖ ಸಿಂಡರಿಸಿಕೊಂಡಿದ್ದು, ಕಡೆಗೆ ತಾನೇ ಬಂದು ಪತ್ರಿಕೆಯ ಕಟ್ಟುಗಳನ್ನು ಬಗ್ಗಿ ನೋಡಿ, "ತಲೆ ಅಂದ್ರೆ ತಲೆ" ಎಂದು ಹೋದ.

ಗದ್ದಲ ತಣ್ಣಗಾದ ಮೇಲೆ ಮೇಸ್ತ್ರಿಯ ಕಾಲು ತಾನಾಗಿಯೇ ಅಂಚೆಯವಳ ಮೇಜಿನ ಕಡೆ ನಡೆಯಿತು. ಮೊದಲನೆಯವಳಾಗಿದ್ದರೂ ಅವಳು ಗಲಾಟೆ ಮಾಡದೆ ವೈರು ಸುತ್ತುತ್ತಿದ್ದಳು.

"ಅಮ್ಮಾ, ಒಂದು ಮಾತು. ಈ ಬಿಸಿಲಲ್ಲಿ ಬರೀ ಗಾಳಿಯಲ್ಲಿ ಹೇಗಮ್ಮ ಗೆದ್ದೆ? ನಮ್ಮನೇಲಿ ಇದು ತೊಂಬತ್ತೊಂದಕ್ಕೆ ಹೋಗ್ತಿತ್ತು."

"ನೀವು ಎಷ್ಟರಲ್ಲಿ ಓಡಿಸಿದ್ರಿ?"

"ಐದು ಪಾಯಿಂಟ್ ಎರಡು."

"ನಾನು ಐದು ಪಾಯಿಂಟ್ ಒಂದು" ಎಂದಳು ಅವಳು. "ವೇಗ ಒಂಚೂರು ಇಳಿಸಿದ್ರೆ ಕರೆಂಟು ತುಂಬಾ ಇಳಿಸಬಹುದು. ಕರೆಂಟು ಇಳಿದ್ರೆ ಬಿಸಿ ಇಳಿಯುತ್ತೆ. ದಿನಾ ಸೈಕಲ್ ತುಳಿಯೋಳು ನಾನು. ಮೊದಲನೇ ಬೀದಿಯಲ್ಲೇ ಜೋರಾಗಿ ತುಳಿದ್ರೆ ಕೊನೇ ಬೀದಿಗೆ ಕಾಗದ ತಲುಪಲ್ಲ."

ಮೇಸ್ತ್ರಿ ಅವಳ ಕೂಲರಿನ ಮೇಲೆ ಅಂಗೈ ಹಿಡಿದ. ಬೆಚ್ಚಗಿತ್ತು, ಅಷ್ಟೇ. ನೀರನ್ನು ಬಿಟ್ಟುಕೊಡಲು ಅವನಿಗೆ ಈಗಲೂ ಮನಸ್ಸಿರಲಿಲ್ಲ. ಆದರೆ ಅವಳು ಇಳಿಸಿದಷ್ಟು ಕರೆಂಟಿಗೆ ತನ್ನ ನೀರನ್ನು ಹರಿಸಿದರೆ ಕಾವು ಎಷ್ಟಿರುತ್ತದೆ ಎಂದು ತಲೆ ಆಗಲೇ ಲೆಕ್ಕ ಹಾಕುತ್ತಿತ್ತು. ಅಷ್ಟರಲ್ಲಿ ಮಗ ಹಿಂದೆ ಬಂದು ನಿಂತಿದ್ದ.

"ಕೇಳಿಸ್ಕೊಂಡ್ಯಾ ಅಪ್ಪ? ಗಾಳಿ!"

"ಸುಮ್ನಿರೋ. ಗೆದ್ದಿದ್ದು ಗಾಳಿ ಅಲ್ಲ, ಈಯಮ್ಮನ ಹದ" ಎಂದ ಮೇಸ್ತ್ರಿ. ಮತ್ತೆ ಅವಳ ಕಡೆ ತಿರುಗಿ, "ಕೊನೇ ಪಂದ್ಯಕ್ಕೆ ಇನ್ನೂ ಮೂರು ವಾರ ಇದೆ. ನೀನು ನಮಗೆ ಎದುರಾಳಿ, ನಿಜ. ಆದ್ರೂ ಭಾನುವಾರ ಬಿಡುವಿದ್ರೆ ಅಂಗಡಿಗೆ ಬರ್ತೀಯಾ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ನಮ್ಮ ಸೊಸೆ ಇದ್ದಾಳೆ, ಅವಳದೇ ಅಂಗಡಿ" ಎಂದ.

ಅಂಚೆಯವಳು ಸೊಸೆಯತ್ತ ನೋಡಿದಳು. "ನಿಮ್ಮ ಯಂತ್ರದಲ್ಲಿ ರಟ್ಟಿನ ಕೊಳವೆ ಒಂದು ಇದೆಯಲ್ಲ, ಅದೇನು ಅಂತ ಆಗಲಿಂದ ನೋಡ್ತಿದ್ದೆ. ತೋರಿಸ್ತೀರಾದ್ರೆ ಬರ್ತೀನಿ."

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ತನ್ನ ಯಂತ್ರವನ್ನು ಸೈಕಲ್ಲಿನ ಹಿಂದೆ ಕಂಬಳಿ ಸುತ್ತಿ ಕಟ್ಟಿಕೊಂಡು ಬಂದಳು. ಮೇಸ್ತ್ರಿ ಏಳು ಗಂಟೆಗೇ ಮೇಜು ಒರೆಸಿ, ಎರಡು ಥರ್ಮಾಮೀಟರ್ ಇಟ್ಟು, ಬೀದಿ ನೋಡುತ್ತ ನಿಂತಿದ್ದ. ಮಗ ರಟ್ಟು, ಕತ್ತರಿ ಹಿಡಿದು ಸಿದ್ಧನಾಗಿದ್ದ. ಸೊಸೆ ಎರಡು ಯಂತ್ರಗಳ ಮುಚ್ಚಳವನ್ನೂ ತೆಗೆದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು, "ಮೊದಲು ಯಾವುದು?" ಎಂದು ಕೇಳಿದಳು. ಉಳಿದ ಮೂವರೂ ಒಟ್ಟಿಗೆ ಮಾತಾಡತೊಡಗಿದರು.